ಗೇಟು ಬಿದ್ದಾಗ ಕೇಳಿದ ದನಿ

ನಮ್ಮ ಕ್ಷೇತ್ರದ ಚುನಾವಣೆಗಳ ಕಥೆ ಬೇಕಾದರೆ ಯಾರನ್ನೂ ಕೇಳಬೇಡಿ, ನನ್ನನ್ನು ಕೇಳಿ. ಗೆದ್ದವರ ವ್ಯಾನು ಓಡಿಸಿದವನೂ ನಾನೇ, ಸೋತವರ ವ್ಯಾನು ಓಡಿಸಿದವನೂ ನಾನೇ. ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತಿರುತ್ತಿದ್ದವರು ನಮ್ಮ ಅತ್ತಿಗೆ. ಊರೆಲ್ಲ ಅವರನ್ನು ಮೈಕಕ್ಕ ಅನ್ನುತ್ತದೆ. ದನಿ ಗೊತ್ತಿಲ್ಲದ ಮನೆಯಿಲ್ಲ, ಮುಖ ಗೊತ್ತಿದ್ದ ಮನೆ ಕಡಿಮೆ.

ಅಣ್ಣನದು ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ. ಮದುವೆಯಾದ ಹೊಸತರಲ್ಲಿ ಒಂದು ಚುನಾವಣೆ ಬಂತು, ಕೂಗುವವನ ಗಂಟಲು ಕಟ್ಟಿಹೋಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ವೈರು ಸುತ್ತಿಡುತ್ತಿದ್ದ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು, "ಕೊಡಿ ಇಲ್ಲಿ, ನಾನು ಹೇಳ್ತೀನಿ" ಅಂದರು. ಆ ಸಲ ಅತ್ತಿಗೆ ಕೂಗಿದ್ದು ಶಾಲೆಯ ಮೇಷ್ಟ್ರ ಪರವಾಗಿ, ಅವರೇ ಗೆದ್ದರು. ಆಮೇಲೆ ಮಿಲ್ ಸಾಹುಕಾರರು ಮೇಷ್ಟ್ರಿಗೆ ಮಣ್ಣು ಮುಕ್ಕಿಸಿದರು. ಸಾಹುಕಾರರು ಅವಧಿಯ ನಡುವೆಯೇ ತೀರಿಕೊಂಡು ಉಪಚುನಾವಣೆ ನಡೆಯಿತು, ಅವರ ಹೆಂಡತಿ ಅಳುತ್ತಲೇ ಗೆದ್ದು ನಗುತ್ತಲೇ ಕೂತರು. ಅವರನ್ನು ಇಳಿಸಿದ್ದು ಡಾಕ್ಟರು, ಡಾಕ್ಟರನ್ನು ಇಳಿಸಿದ್ದು ಬಸ್ ಯಜಮಾನ. ಮೊದಲು ಬಂದು ಕೇಳಿದವರಿಗೆ ಅತ್ತಿಗೆಯ ದನಿ. ತಮ್ಮ ಓಟು ಯಾರಿಗೆ ಅಂತ ಅಣ್ಣನಿಗೂ ಹೇಳಿದವರಲ್ಲ.

ಕ್ಷೇತ್ರವನ್ನು ರೈಲು ಹಳಿ ಎರಡು ಭಾಗ ಮಾಡುತ್ತದೆ. ಈಚೆಗೆ ಆಸ್ಪತ್ರೆ, ಕಚೇರಿ, ಮಾರುಕಟ್ಟೆ. ಆಚೆಗೆ ಮಿಲ್ಲು, ಕೆಲಸದವರ ಮನೆಗಳು. ನಡುವೆ ಗೇಟು. ನಮ್ಮ ಕಸುಬಿನ ಗುಟ್ಟು ಅಲ್ಲೇ ಇತ್ತು. ಬೀದಿಯಲ್ಲಿ ಕೂಗಿದರೆ ಜನ ಕಿವಿಗೆ ಹಾಕಿಕೊಳ್ಳದೆ ನಡೆದುಬಿಡುತ್ತಾರೆ. ಗೇಟು ಬಿದ್ದರೆ ಎಲ್ಲಿಗೆ ಹೋಗುತ್ತಾರೆ? ಗೇಟು ಕೆಳಗಿಳಿಯುವಾಗ ಅತ್ತಿಗೆ ಬಾಯಿ ತೆರೆದರೆ, ರೈಲು ದಾಟಿ ಗೇಟು ಏಳುವ ಹೊತ್ತಿಗೆ ಮಾತು ಮುಗಿದು ಜೈಕಾರ ಬಿದ್ದಿರುತ್ತಿತ್ತು. ಅದಕ್ಕೇ ಎಲ್ಲರೂ ನಮ್ಮ ವ್ಯಾನಿಗೆ ಮುಗಿಬೀಳುತ್ತಿದ್ದದ್ದು. ಪ್ರತಿ ಸಲ ಕೊನೆಗೊಂದು ಸಾಲು ಇದ್ದೇ ಇರುತ್ತಿತ್ತು: "ಈ ಗೇಟಿನ ಮೇಲೆ ಸೇತುವೆ ಖಚಿತ!" ಮೇಷ್ಟ್ರಿಗೂ ಅದೇ, ಡಾಕ್ಟರಿಗೂ ಅದೇ. ಸೇತುವೆ ಮಾತ್ರ ಎಲ್ಲಿ ಬಂತು, ನನ್ನ ತಲೆ!

ಕಳೆದ ಚುನಾವಣೆಯಲ್ಲಿ ಮತ್ತೆ ಬಸ್ ಯಜಮಾನನ ವ್ಯಾನು ನಮ್ಮದು. ಗೇಟು ಬಿದ್ದಿತ್ತು. ಅತ್ತಿಗೆ ಸೇತುವೆಯ ಸಾಲಿಗೆ ಬಂದಿದ್ದರು ಅಷ್ಟೆ, ಒಬ್ಬ ಹೆಂಗಸು ಬಂದು ಕಿಟಕಿ ಬಡಿದಳು. ಮಿಲ್ಲಿನ ಹತ್ತಿರದ ಬೇಕರಿಯಲ್ಲಿ ಕೆಲಸಕ್ಕಿದ್ದವಳು, ಕೈಯೆಲ್ಲ ಹಿಟ್ಟು.

"ಮೈಕಕ್ಕ ಅಂದ್ರೆ ನೀವೇನಾ?" ಅಂದಳು.

"ಹೌದಮ್ಮ, ಏನು?"

"ಹೋದ ಚುನಾವಣೇಲಿ ನಮ್ಮನೆಯವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಅಂತ ಹೊರಟ್ವಿ, ಇಲ್ಲೇ ಗೇಟು ಬಿತ್ತು. ನನ್ನ ತೊಡೆ ಮೇಲೇ ಜೀವ ಬಿಟ್ರು. ಆಗ್ಲೂ ನೀವು ಇದನ್ನೇ ಹೇಳ್ತಿದ್ರಿ, ಸೇತುವೆ ಖಚಿತ ಅಂತ. ಅವರು ಕೊನೇದಾಗಿ ಕೇಳಿದ ದನಿ ನನ್ನದಲ್ಲ ಅಕ್ಕ, ನಿಮ್ಮದು."

ಬಯ್ಯಲಿಲ್ಲ, ಶಾಪ ಹಾಕಲಿಲ್ಲ. ಹೇಳಿ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. ಗೇಟು ಹಾಕಿದ್ದು ನಾವೇನಾ ಅಂತ ಕೂಗಬೇಕೆನಿಸಿತು. ಅತ್ತಿಗೆ ಮೈಕಿನ ಗುಂಡಿ ಒತ್ತಿ ಬಂದ್ ಮಾಡಿದರು.

"ಮನೆಗೆ ನಡಿಯಪ್ಪ. ಬಾವುಟ ಬಿಚ್ಚು."

ಬಸ್ ಯಜಮಾನನಿಗೆ ಬಾವುಟ ವಾಪಸ್ ಹೋಯಿತು. ನಾಮಪತ್ರಕ್ಕೆ ಇನ್ನೂ ಸಮಯವಿತ್ತು, ಅತ್ತಿಗೆ ಪಕ್ಷೇತರರಾಗಿ ತಾವೇ ಹಾಕಿದರು. ಅಣ್ಣ ಬೆಪ್ಪಾಗಿ ಕೂತ. "ಏನೇ, ಹುಚ್ಚಾ?" ಅಂದಿದ್ದಕ್ಕೆ ಅತ್ತಿಗೆ, "ಆ ಹೆಂಗಸು ನನ್ನ ಮಾತು ನಂಬೋ ಹಾಗೆ ಆಗ್ಬೇಕು. ಅಷ್ಟೇ ನನಗೆ ಬೇಕಾಗಿರೋದು" ಅಂದರು. ಚಿಹ್ನೆಯಾಗಿ ಸಿಕ್ಕಿದ್ದು ಬಕೆಟ್. ಜೀವಮಾನದಲ್ಲಿ ಯಾರಿಗೂ ಬಕೆಟ್ ಹಿಡಿಯದವರಿಗೆ ಬಕೆಟ್! ನಾನು ಬಿದ್ದು ಬಿದ್ದು ನಕ್ಕೆ, ಅತ್ತಿಗೆ ವೈರಿನ ಸುತ್ತು ತೆಗೆದು ನನ್ನತ್ತ ಎಸೆದರು.

ಮೊದಲ ದಿನದ ಪ್ರಚಾರ ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಅತ್ತಿಗೆ ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತು, "ನಿಮ್ಮ ನೆಚ್ಚಿನ ಅಭ್ಯರ್ಥಿ, ನಿಮ್ಮ ಮನೆಮಗಳು, ಅವರನ್ನು ಗೆಲ್ಲಿಸಿ" ಅಂತ ಬೀದಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ಜನ ಕಿಟಕಿಯಲ್ಲಿ ಬಗ್ಗಿ, "ಮೈಕಕ್ಕ, ಈ ಸಲ ಯಾರ ಕಡೆ? ಯಾರಮ್ಮ ಆ ಮನೆಮಗಳು?" ಅಂತ ಕೇಳಿದರು. ಅತ್ತಿಗೆ ತಮ್ಮನ್ನೇ ಹೊಗಳಿ, "ಒಳ್ಳೆಯವರು, ಅವರಿಗೊಂದು ಅವಕಾಶ ಕೊಡಿ" ಅಂದುಬಿಟ್ಟರು! ನಾನು ಬ್ರೇಕ್ ಒತ್ತಿದೆ.

"ಅತ್ತಿಗೆ, ಅಭ್ಯರ್ಥಿ ನೀವೇ ಕಣ್ರೀ! ಅವರು ಇವರು ಅಂತ ಯಾರಿಗೆ ಓಟು ಕೇಳ್ತಿದೀರಿ?"

"ನಾಲಿಗೆ ಹೊರಳ್ತಿಲ್ಲ ಕಣೋ. ಬೇರೆಯವರಿಗಾಗಿ ಕೇಳಿ ಕೇಳಿ ನನಗೆ ಅನ್ನೋದೇ ಮರೆತುಹೋಗಿದೆ."

"ಹಾಗಾದ್ರೆ ಕೆಳಗಿಳೀರಿ. ಮುಖ ತೋರಿಸಿ."

ಗೇಟಿನ ಹತ್ತಿರ ಇಳಿದರು. ಗೇಟು ಬಿತ್ತು. ವ್ಯಾನು, ಸೈಕಲ್ಲು, ಲಾರಿ, ಎಲ್ಲರ ಕಣ್ಣೂ ಇವರ ಮೇಲೆ. ಬೇಕರಿಯ ಹೆಂಗಸೂ ಡಬ್ಬದ ಗಾಡಿ ಹಿಡಿದು ನಿಂತಿದ್ದಳು. ಅತ್ತಿಗೆ ಮೈಕು ಎತ್ತಿದರು.

"ಸೇತುವೆ ಖಚಿತ ಅಂತ ಇಷ್ಟು ವರ್ಷ ಹೇಳಿದ್ದು ನಾನೇ. ಕಟ್ಟಲಿಲ್ಲ ಯಾರೂ. ಯಾಕೆ ಗೊತ್ತಾ? ಗೇಟು ಬಿದ್ರೇನೇ ನೀವು ನಿಲ್ಲೋದು, ನಿಂತ್ರೇನೇ ನಮ್ಮ ಮಾತು ಕೇಳೋದು. ಈ ಸಲ ಓಟು ಕೇಳ್ತಿರೋದು ನನಗೆ. ನಾನು ಗೆದ್ರೆ ಕಟ್ಟಿಸ್ತೀನಿ. ಸೋತ್ರೆ, ಗೆದ್ದವರು ಕಟ್ಟೋವರೆಗೂ ಪ್ರತಿ ಚುನಾವಣೇಲೂ ಅವರೆದುರು ನಿಲ್ತೀನಿ. ನನ್ನ ದನಿ ಇನ್ನು ಬಾಡಿಗೆಗಿಲ್ಲ."

ಲಾರಿಯವನೊಬ್ಬ ಹಾರನ್ ಹೊಡೆದು ಕೇಕೆ ಹಾಕಿದ. ಬೇಕರಿಯವಳು ಮಾತ್ರ ಗೇಟು ಏಳುತ್ತಲೇ ತಿರುಗಿಯೂ ನೋಡದೆ ಗಾಡಿ ತಳ್ಳಿಕೊಂಡು ಹೋದಳು. ಅತ್ತಿಗೆಯ ಮುಖ ಬಾಡಿತು. ಮರುದಿನ ಬೆಳಗ್ಗೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, "ನಡಿ, ಗೇಟಿಗೆ" ಅಂದರು. ಕೊನೆಯ ದಿನದವರೆಗೂ ಅದೇ ಜಾಗ, ಅದೇ ಮಾತು.

ಅತ್ತಿಗೆ ಸೋತರು. ಸುಳ್ಳೇಕೆ ಹೇಳಲಿ, ನನಗೆ ಊಟ ಸೇರಲಿಲ್ಲ. ಆದರೆ ಗೇಟಿನ ಆಚೆಯ ಮತಗಟ್ಟೆಗಳ ಓಟು ಬಕೆಟ್ಟಿಗೆ ಸುರಿದಿತ್ತು. ಅಷ್ಟು ಓಟು ಕಳೆದುಕೊಂಡ ಬಸ್ ಯಜಮಾನ ಮಣ್ಣು ಮುಕ್ಕಿದ, ಡಾಕ್ಟರು ಕೂದಲೆಳೆಯಲ್ಲಿ ಗೆದ್ದು ಮತ್ತೆ ಶಾಸಕರಾದರು. ಮರುದಿನವೇ ಡಾಕ್ಟರು ಅಂಗಡಿಗೆ ಬಂದು, "ಮೆರವಣಿಗೆಗೆ ನಿಮ್ಮ ದನಿ ಬೇಕಮ್ಮ" ಅಂದರು.

ಅತ್ತಿಗೆ ವೈರು ಸುತ್ತುತ್ತಲೇ, "ಸೇತುವೆ ಕೆಲಸ ಶುರುವಾಗಲಿ ಡಾಕ್ಟ್ರೇ, ಬಂದು ಕೂಗ್ತೀನಿ. ಇಲ್ಲಾಂದ್ರೆ ಮುಂದಿನ ಸಲ ನಿಮ್ಮೆದುರಿಗೆ ನಾನಿದೀನಿ" ಅಂದರು. ಡಾಕ್ಟರಿಗೆ ಲೆಕ್ಕ ಗೊತ್ತು, ಆಚೆಯ ಓಟು ಇಲ್ಲದೆ ಇನ್ನೊಂದು ಸಲ ಗೆಲ್ಲಲಾಗದು. ಹಿಂದಿನ ಸಲ ಇವರೂ ಎಲ್ಲರಂತೆ ಕಾಲ ತಳ್ಳಿದ್ದರು. ಈ ಸಲ ಕಚೇರಿಯಿಂದ ಕಚೇರಿಗೆ ಓಡಿದರು.

ಹಳಿಯ ಪಕ್ಕ ಅಗೆಯುವ ಯಂತ್ರ ಬಂದ ದಿನ ನಾವು ವ್ಯಾನು ತೆಗೆದೆವು. ಗೇಟು ಬಿದ್ದಿತ್ತು. ಅತ್ತಿಗೆ ಇಳಿದು ಮೈಕು ಎತ್ತಿದರು, "ಸೇತುವೆ" ಅಂದರು, ಅಲ್ಲಿಗೇ ನಿಲ್ಲಿಸಿ ಮೈಕು ಕೆಳಗಿಳಿಸಿದರು. ಗುಂಪಿನಲ್ಲಿ ಬೇಕರಿಯ ಹೆಂಗಸು ಇದ್ದಳು. ಅತ್ತಿಗೆ ಸೀದಾ ಹೋಗಿ ಮೈಕನ್ನು ಅವಳ ಹಿಟ್ಟಿನ ಕೈಗೆ ಇಟ್ಟರು.

"ನನ್ನ ಬಾಯಲ್ಲಿ ಬೇಡಮ್ಮ. ನಿನಗೆ ನಂಬಿಕೆ ಇದ್ರೆ ನೀನೇ ಹೇಳು."

ಅವಳು ಯಂತ್ರದ ಕಡೆ ನೋಡಿದಳು, ಮೈಕು ಬಾಯಿಗೆ ತೀರಾ ಹತ್ತಿರ ಹಿಡಿದಳು.

"ಮಣ್ಣು ತೆಗೀತಿದಾರೆ. ನಾನು ನೋಡ್ದೆ. ಅಕ್ಕ ಹೇಳಿದ್ದು ನಿಜ."

ಗೇಟು ಎದ್ದಿತು. ಹಿಂದಿನವರು ಹಾರನ್ ಬಾರಿಸುತ್ತಿದ್ದರು. ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅಳುತ್ತಿದ್ದೆ, ವ್ಯಾನು ಮುಂದೆ ಹೋಗಲೇ ಇಲ್ಲ.