ಗೊಗ್ಗರು ದನಿಯ ಪೆಟ್ಟಿಗೆ ಹುಡುಕುವ ಸಣ್ಣಯ್ಯ

ನಂಜನಗೂಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೇವಸ್ಥಾನದ ಕಡೆಯಿಂದ ಸುಪ್ರಭಾತ ಶುರುವಾಗಿಲ್ಲ, ಗುಂಡ್ಲುಪೇಟೆಯ ಮೊದಲ ಬಸ್ಸು ಹಾರ್ನ್ ಹೊಡೆದಿಲ್ಲ. ರೈಲ್ವೆ ನಿಲ್ದಾಣಕ್ಕೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಮಳಿಗೆಯ ಬಾಗಿಲು ಮಾತ್ರ ಅರ್ಧ ತೆರೆದಿದೆ. ಒಳಗೆ ಸಣ್ಣಯ್ಯ ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದರ ಸ್ವಿಚ್ ಹಾಕಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾರೆ. ಪೆಟ್ಟಿಗೆಯೊಳಗಿನ ಗಾಜಿನ ವಾಲ್ವ್‌ಗಳು ಮೆಲ್ಲಗೆ ಕೆಂಡದ ಬಣ್ಣಕ್ಕೆ ತಿರುಗುತ್ತಿವೆ. ಎದುರಿಗೆ, ಮೈಸೂರಿನಿಂದ ಬೈಕಿನಲ್ಲಿ ಬಂದ ಯುವಕನೊಬ್ಬ ತೊಡೆಯ ಮೇಲೆ ಗಿಟಾರ್ ಇಟ್ಟುಕೊಂಡು ಚಡಪಡಿಸುತ್ತಿದ್ದಾನೆ.

"ಹಾಕ್ಲಾ ಸರ್?"

"ತಡೀರಿ ಸಾ. ಅನ್ನ ಬೇಯಕ್ ಮುಂಚೆ ಮುಚ್ಚಳ ತೆಗೀಬಾರ್ದು. ಅದು ಸುಮ್ನಿರೋವಾಗ ಏನಂತದೆ, ಮೊದ್ಲು ಅದ ಕೇಳಿ."

ಸೆಕೆಂಡ್ ಹ್ಯಾಂಡ್ ವಾಲ್ವ್ ಸೆಟ್ ಕೊಳ್ಳುವವರು ಸಣ್ಣಯ್ಯನವರನ್ನು ಈ ಹೊತ್ತಿಗೇ ಬಂದು ಕಾಣಬೇಕು. ಹಗಲಾಯಿತೆಂದರೆ ಕರೆಂಟು ಏರಿಳಿಯುತ್ತದೆ, ರಸ್ತೆಯ ಗದ್ದಲಕ್ಕೆ ಸೆಟ್ಟಿನ ಒಳಗುಟ್ಟು ಕಿವಿಗೆ ಬೀಳುವುದಿಲ್ಲ. ಅವರು ಮೊದಲು ಮೂಗು ಹತ್ತಿರ ತಂದು ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬರುತ್ತದೆಯೇ ನೋಡುತ್ತಾರೆ. ಊದುಬತ್ತಿಯ ಕಡ್ಡಿಯಿಂದ ಒಂದೊಂದೇ ವಾಲ್ವಿನ ತಲೆಯನ್ನು ತಟ್ಟುತ್ತಾರೆ. ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆ ಹೊಡೆದ ಹಾಗೆ ಕೇಳಿದರೆ ಆ ವಾಲ್ವು ಸಡಿಲವಾಗಿದೆ. ತುದಿಯ ಬೆಳ್ಳಿ ಬಣ್ಣ ಸುಣ್ಣದಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದು ಸತ್ತ ಲೆಕ್ಕ. ಇಷ್ಟೆಲ್ಲ ಆದ ಮೇಲೆ ಗಿಟಾರ್‌ಗೆ ಅಪ್ಪಣೆ.

ಯುವಕ ಬಾರಿಸಿದ. ದನಿ ನೀರಿನಷ್ಟು ತಿಳಿಯಾಗಿ ಬಂತು. ಪೂರ್ತಿ ಏರಿಸಿದರೂ ತಿಳಿಯಾಗಿಯೇ ಇತ್ತು. ಅವನ ಮುಖ ಅರಳಿತು. ಸಣ್ಣಯ್ಯ ತಲೆಯಾಡಿಸಿದರು.

"ಬ್ಯಾಡಿ ಸಾ. ಭಾಷಣಕ್ಕೆ ಇದ್ರಂಥ ಸೆಟ್ ಸಿಕ್ಕಲ್ಲ. ನಿಮ್ ಇಂಗ್ಲೀಷ್ ಆಡ್ ಬಾರ್ಸಕ್ಕೆ ಇದು ಬರಕ್ಕಿಲ್ಲ. ಏರಿಸ್ದಾಗ ವಸಿ ಗಂಟ್ಲು ಕಟ್ಬೇಕು ಅದ್ಕೆ. ನಾನು ಒಬ್ರ ಸೆಟ್ ಕೆಡ್ಸಿ ಇದ ಕಲ್ತಿರೋನು, ನನ್ ಮಾತ್ ಕೇಳಿ."

ಕೆಡಿಸಿ ಕಲಿತೆ ಎಂದು ಎದೆ ತಟ್ಟಿ ಹೇಳುವ ಮೆಕ್ಯಾನಿಕ್ಕುಗಳು ಅಪರೂಪ. ಆ ಕತೆ ಕೇಳಬೇಕಾದರೆ ಸಣ್ಣಯ್ಯನವರ ಟೆಂಟ್ ಸಿನಿಮಾದ ದಿನಗಳಿಂದ ಶುರುಮಾಡಬೇಕು.

ಅವರು ಕವಲಂದೆಯವರು. ಶಾಲೆ ಬಿಟ್ಟವರು ಸೀದಾ ಹೋಗಿ ಸೇರಿದ್ದು ಮೂಗೂರಿನ ಚಿಕ್ಕಬಸಪ್ಪನವರ ಟೂರಿಂಗ್ ಟಾಕೀಸನ್ನು. ಗೂಟ ಹೊಡೆಯುವುದು, ಮರಳು ಹರಡುವುದು, ರೀಲಿನ ಡಬ್ಬ ಹೊರುವುದು ಎಲ್ಲ ಆಗಿ ಕೊನೆಗೆ ಅವರ ಪಾಲಿಗೆ ಬಂದದ್ದು ಸೌಂಡು. ಸಂಜೆ ಟೆಂಟಿನ ಮೇಲಿನ ಹಾರ್ನಿನಲ್ಲಿ ದೇವರ ಹಾಡು ಹಾಕುವ ಕೆಲಸ ಅವರದು. ಅದು ಕಿವಿಗೆ ಬಿತ್ತೆಂದರೆ ಸುತ್ತಲಿನ ಹಳ್ಳಿಗಳಲ್ಲಿ ಒಲೆಯ ಮೇಲಿನ ಸಾರು ಬೇಗ ಬೇಗ ಕುದಿಯುತ್ತಿತ್ತು, ಗಾಡಿಗಳು ಹೊರಡುತ್ತಿದ್ದವು. ದೂರದ ಊರಿಗೂ ಮುಟ್ಟಲೆಂದು ಸಣ್ಣಯ್ಯ ಪೂರ್ತಿ ಏರಿಸುತ್ತಿದ್ದರು. ಏರಿಸಿದಾಗಲೆಲ್ಲ ಆ ಆಂಪ್ಲಿಫೈಯರ್ ಗೊಗ್ಗರಾಗುತ್ತಿತ್ತು. ಅದನ್ನು ಬಿಚ್ಚಿ ಸರಿಮಾಡುತ್ತೇನೆಂದು ಅವರು ಎಷ್ಟು ಸಲ ಕೇಳಿದರೂ ಯಜಮಾನರು ಒಪ್ಪಲಿಲ್ಲ. ನಡೆಯುತ್ತಿರುವ ಎತ್ತಿನ ಬಾಲ ತಿರುಚುವುದು ಯಾಕೆ ಎನ್ನುತ್ತಿದ್ದರಂತೆ.

ತೊಂಬತ್ತರ ದಶಕದ ಶುರುವಿನಲ್ಲಿ ಮನೆಮನೆಗೆ ಟಿ.ವಿ. ಬಂದು ಟೆಂಟು ಕಳಚಿತು. ಅದರ ಬೆನ್ನಿಗೇ ಚಿಕ್ಕಬಸಪ್ಪನವರೂ ತೀರಿಕೊಂಡರು. ಸಣ್ಣಯ್ಯ ನಂಜನಗೂಡಿಗೆ ಬಂದು ರೇಡಿಯೋ, ಮೈಕ್‌ಸೆಟ್ ರಿಪೇರಿಗೆ ಕುಳಿತರು. ಆ ಹೊತ್ತಿಗೆ ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದಾಗಿತ್ತು. ವಾಲ್ವ್ ಸೆಟ್ಟುಗಳನ್ನು ಜನ ತಾಮ್ರದಾಸೆಗೆ ಗುಜರಿಗೆ ಹಾಕುತ್ತಿದ್ದರು. ಕಂಡಷ್ಟನ್ನು ಇವರು ಹೊತ್ತು ತಂದು ಅಟ್ಟ ತುಂಬಿಸಿದರು. ಅಟ್ಟ ತುಂಬಿದ ಮನೆಯಲ್ಲಿ ಅಕ್ಕಿಯ ಡಬ್ಬ ತುಂಬುವುದು ಕಷ್ಟ. ಹೆಂಡತಿ ಸಾಕಮ್ಮ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡಿ ಸಂಸಾರ ನಿಭಾಯಿಸಿದರು, ಈಗಲೂ ನಿಭಾಯಿಸುತ್ತಿದ್ದಾರೆ. "ಉಣ್ಣಕ್ ಬಾ ಅಂತ ಕೂಗಿ ಕೂಗಿ ನನ್ ದನಿ ಒಡ್ದೋಯ್ತು. ಊರೋರ್ದೆಲ್ಲ ರಿಪೇರಿ ಮಾಡ್ತಾರೆ, ನಂದ್ ಮಾಡ್ನಿಲ್ಲ" ಎಂದು ಆಕೆ ಗಂಡನ ಎದುರಿಗೇ ಚುಚ್ಚುತ್ತಾರೆ. ಸಣ್ಣಯ್ಯ ನಕ್ಕು ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳುತ್ತಾರೆ.

ಅವರ ಕೈಯಲ್ಲಿ ರಿಪೇರಿಯಾದ ಮೈಕಿನ ದನಿ ಒಡೆಯುವುದಿಲ್ಲ ಎನ್ನುವುದು ತಾಲ್ಲೂಕಿನಲ್ಲೆಲ್ಲ ಮಾತಾಯಿತು. ಮದುವೆಯಾಗಲಿ, ನಾಟಕವಾಗಲಿ, ಎಷ್ಟು ಏರಿಸಿದರೂ ಮಾತು ಸ್ಪಷ್ಟ. ಅದೇ ಹೆಸರು ಕೇಳಿಕೊಂಡು ೧೯೯೯ರಲ್ಲಿ ಟಿ. ನರಸೀಪುರದಿಂದ ಪ್ರೇಮ್‌ಕುಮಾರ್ ಬಂದರು. ಕಚೇರಿಯಲ್ಲಿ ಗುಮಾಸ್ತರು, ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್. ಸಿನಿಮಾ ಹಾಡು ಬಾರಿಸುತ್ತಲೇ ವಯಸ್ಸು ಮೂವತ್ತು ದಾಟಿದ್ದರೂ ಅವರ ಪ್ರಾಣವೆಲ್ಲ ಹಳೆಯ ಇಂಗ್ಲಿಷ್ ರಾಕ್ ಹಾಡುಗಳ ಮೇಲೆ. ಬೆಂಗಳೂರಿನಿಂದ ಬಹಳ ಆಸೆಪಟ್ಟು ಒಂದು ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ತಂದಿದ್ದರು. ಮೈಸೂರಿನಲ್ಲಿ ಬರೀ ಆ ಹಾಡುಗಳದೇ ಕಾರ್ಯಕ್ರಮ ನಿಗದಿಯಾಗಿತ್ತು. ಜೀವಮಾನದಲ್ಲಿ ಮೊದಲ ಸಲ ತಮಗೆ ಬೇಕಾದ್ದನ್ನು ತಮ್ಮ ಹೆಸರಿನಲ್ಲಿ ಬಾರಿಸುವ ಅವಕಾಶ. ಅಷ್ಟರಲ್ಲಿ ಸೆಟ್ಟು ಗುಂಯ್‌ಗುಡತೊಡಗಿತು. ಆ ಗುಂಯ್ ಒಂದನ್ನು ತೆಗೆದುಕೊಡಿ ಎಂದು ಇಟ್ಟು ಹೋದರು.

ಸಣ್ಣಯ್ಯ ಗುಂಯ್ ತೆಗೆದರು. ಪರೀಕ್ಷೆಗೆಂದು ಏರಿಸಿ ನೋಡಿದರೆ ದನಿ ಒಡೆಯುತ್ತಿದೆ! ತಮ್ಮ ಅಂಗಡಿಯಿಂದ ಒಡೆದ ದನಿಯ ಸೆಟ್ಟು ಹೊರಗೆ ಹೋಗುವುದುಂಟೇ? ಒಳಗಿನ ಟ್ರಾನ್ಸ್‌ಫಾರ್ಮರ್ ಸಣ್ಣದಾಯಿತೆಂದು ಕಿತ್ತು, ದೊಡ್ಡದು ಕೂರಿಸಿದರು. ವೈರಿಂಗ್ ಬದಲಿಸಿದರು. ದನಿ ಹಾಲಿನಂತಾಯಿತು. ಕಿತ್ತದ್ದು ಅಂದೇ ಗುಜರಿಗೆ ಹೋಗಿ ತಾಮ್ರವಾಯಿತು.

"ಗಣಪತಿ ಮಾಡಪ್ಪ ಅಂದ್ರೆ ಅವ್ರಪ್ಪನ್ನ ಮಾಡ್ಬುಟ್ಟಿದ್ದೆ ಸಾ. ಪ್ರೇಮ್‌ಕುಮಾರ್ ಬಂದ್ರು, ಬಾರಿಸುದ್ರು. ನಾನು ಸಬಾಸ್ ಅಂತಾರೆ ಅಂತ ಕಾಯ್ತಾ ನಿಂತಿವ್ನಿ. ಅವ್ರು ಅಂಗೇ ಕುಂತ್ಕೊಂಡ್ಬುಟ್ರು. 'ಅಣ್ಣಾ, ಇದ್ರ ಜೀವಾನೇ ತೆಗ್ದ್ಬುಟ್ರಲ್ಲ' ಅಂದ್ರು. ಬೈದಿದ್ರೂ ಆಗಿತ್ತು. ಬೈನಿಲ್ಲ."

ಅವರಿಗೆ ಬೇಕಾಗಿದ್ದುದೇ ಆ ಒಡಕು. ಬಾಡಿಗೆಗೆ ಸಿಗುವ ಸೆಟ್ಟುಗಳೆಲ್ಲ ಟ್ರಾನ್ಸಿಸ್ಟರ್, ಅವುಗಳಲ್ಲಿ ಅದು ಹುಟ್ಟುವುದಿಲ್ಲ. ಕಾರ್ಯಕ್ರಮ ಬಿಟ್ಟುಬಿಡುತ್ತೇನೆ, ಗಿಟಾರನ್ನೂ ಬಿಡುತ್ತೇನೆ ಎಂದರು ಪ್ರೇಮ್‌ಕುಮಾರ್. ಸಣ್ಣಯ್ಯ ಎರಡು ದಿನ ಅದನ್ನೇ ಮೆಲುಕು ಹಾಕಿದರು. ಆಮೇಲೆ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದರು. "ಆ ಆಡುಗಳ್ನ ನಂಗೂ ಕೇಳ್ಸಿ. ಏನು ಕಳ್ದೀವ್ನಿ ಅಂತ ಗೊತ್ತಾಗ್ದೆ ಎಲ್ಲಂತ ಹುಡ್ಕಲಿ?" ಎಂದು ಅವರ ಮನೆಯ ಟೇಪ್ ರೆಕಾರ್ಡರ್ ಮುಂದೆ ಕುಳಿತರು.

ಮೊದಲು ಗದ್ದಲವೆನಿಸಿತಂತೆ. ಊಟದ ಹೊತ್ತು ಕಳೆದ ಮೇಲೆ ಯಾವುದೋ ಒಂದು ಕಡೆ ಗಿಟಾರ್ ಮೇಲೇರಿ, ದನಿ ಬಿರಿದು, ಬಿರಿದರೂ ಸೋಲದೆ ನಿಂತಿತು. ಕಂಸಾಳೆಯವರು ಕತೆಯ ದುಃಖದ ಭಾಗಕ್ಕೆ ಬಂದು ಎತ್ತಿ ಹಾಡುವಾಗ ಗಂಟಲು ಹರಿಯುತ್ತದಲ್ಲ, ಹಾಗೆ. ಆ ಗಂಟಲನ್ನು ಯಾರಾದರೂ ಸರಿಮಾಡಲು ಹೋಗುತ್ತಾರೆಯೇ? ಸಣ್ಣಯ್ಯ ಎದ್ದು ಚಪ್ಪಲಿ ಮೆಟ್ಟಿದರು.

ಇಬ್ಬರೂ ಸೇರಿ ಅಂಥ ದನಿಯ ಸೆಟ್ಟು ಹುಡುಕುತ್ತ ತಲಕಾಡಿನವರೆಗೆ ಅಲೆದರು. ಗುಜರಿ ಅಂಗಡಿ, ಹಳೆಯ ಮೈಕ್‌ಸೆಟ್ಟಿನವರ ಮನೆ ಯಾವುದನ್ನೂ ಬಿಡಲಿಲ್ಲ. ಸಿಕ್ಕಿದ ಸೆಟ್ಟೆಲ್ಲ ಶುದ್ಧ, ಸ್ಪಷ್ಟ. ಅವುಗಳಲ್ಲಿ ಅರ್ಧದಷ್ಟನ್ನು ಹಿಂದೆ ಸರಿಮಾಡಿದವರು ಸ್ವತಃ ಸಣ್ಣಯ್ಯನವರೇ! ಕಾರ್ಯಕ್ರಮ ಹತ್ತಿರ ಬರುತ್ತಿತ್ತು. ಹೀಗೆ ಬರಿಗೈಯಲ್ಲಿ ವಾಪಸಾಗುವಾಗ ಒಂದು ದಿನ ಬಸ್ಸಿನಲ್ಲಿ ಸಣ್ಣಯ್ಯನವರಿಗೆ ಹೊಳೆಯಿತು. ತಾವು ಎಷ್ಟು ಕೇಳಿದರೂ ಯಜಮಾನರು ಬಿಚ್ಚಗೊಡದ ಟೆಂಟಿನ ಸೆಟ್ಟೊಂದಿದೆ. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು.

ಒಬ್ಬರೇ ಮೂಗೂರಿಗೆ ಹೋದರೆ, ಚಿಕ್ಕಬಸಪ್ಪನವರ ಹೆಂಡತಿ ಗುರುಬಸಮ್ಮ ಬಾಗಿಲಲ್ಲೇ ತಡೆದರು. "ಅದು ಕೊಡೋ ಮಾಲಲ್ಲ ಕಣಪ್ಪ." ನೋಡಿಕೊಂಡಾದರೂ ಹೋಗುತ್ತೇನೆ ಎಂದರೆ ಅದೂ ಬೇಡ. ಜಗಲಿಯ ಮೇಲೆ ಕುಳಿತ ಸಣ್ಣಯ್ಯ ಎದ್ದು ಹೋಗಲೇ ಇಲ್ಲ. ಕೊನೆಗೆ ಆ ಅಮ್ಮನ ಕಣ್ಣಲ್ಲೇ ನೀರು ಬಂತು.

"ಏನಂತ ತೋರ್ಸಲಪ್ಪ? ಅದು ಮೂಕಾಗಿ ಕುಂತದೆ. ಯಜಮಾನ್ರು ತೀರ್ಕೊಂಡ್ಮೇಲೆ ಮೊದಲ್ನೆ ಆಯುಧಪೂಜೆ. ದೇವರ ಹಾಡು ಹಾಕಿ, ಇಬೂತಿ ಕಲಸಿ, ಉರಿಯೋ ಗಾಜಿನ ಬುರುಡೆಗೆ ಹಚ್ಚುದೆ. ಟಿಕ್ ಅಂತು. ಅಷ್ಟೆ. ನನ್ ಕೈಯಾರೆ ಅವ್ರ ದನಿ ನಿಲ್ಲಿಸ್ಬುಟ್ಟೆ."

ಇಷ್ಟು ವರ್ಷ ಆಕೆ ಇದನ್ನು ಯಾರಿಗೂ ಹೇಳಿರಲಿಲ್ಲ. ಸಣ್ಣಯ್ಯನವರಿಗೆ ಕೂಡಲೇ ಅರ್ಥವಾಯಿತು. ಯಜಮಾನರು ಸ್ವಿಚ್ ಹಾಕುವ ಮುಂಚೆಯೇ, ತಣ್ಣಗಿರುವಾಗಲೇ ಪೂಜೆ ಮಾಡುತ್ತಿದ್ದರು. ಕಾದ ಗಾಜಿನ ಮೇಲೆ ಒದ್ದೆ ವಿಭೂತಿ ಬಿದ್ದರೆ ಅದು ಸೀಳದೆ ಇನ್ನೇನು? "ನಿಮ್ಗೆ ಯಾರೂ ಏಳ್ಕೊಟ್ಟಿರ್ನಿಲ್ಲ ಅಮ್ಮಾವ್ರೆ, ಅಷ್ಟೆಯ. ಒಂದ್ ವಾಲ್ವ್ ಮಾತ್ರ ಸತ್ತೋಗಿರೋದು, ಮಿಕ್ಕಿದ್ದೆಲ್ಲ ಬದುಕಿವೆ. ಬೇರೆದ್ನ ನಾನ್ ತತ್ತೀನಿ."

ಗುರುಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಳಕ್ ಬಾ, ನೋಡು" ಎಂದರು. ವರ್ಷಗಟ್ಟಲೆ ಆ ಮನೆಯ ಜಗಲಿಯಲ್ಲಿ ನಿಂತೇ ಸಂಬಳ ಇಸಿದುಕೊಂಡಿದ್ದ ಸಣ್ಣಯ್ಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಇದನ್ನು ಹೇಳುವಾಗ ಅವರು ಮುಖ ಆ ಕಡೆ ತಿರುಗಿಸುತ್ತಾರೆ. ನಡುಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದ ಪೆಟ್ಟಿಗೆ, ಸೀಳಿದ ವಾಲ್ವಿನ ಮೇಲೆ ಮೂರು ಬೆರಳ ವಿಭೂತಿ ಇನ್ನೂ ಹಾಗೇ ಇತ್ತು.

ಆ ಜಾತಿಯ ವಾಲ್ವು ಅವರ ಹತ್ತಿರ ಉಳಿದಿದ್ದುದು ಒಂದೇ ಒಂದು. ಮಾರನೆಯ ಬೆಳಿಗ್ಗೆ ಅದನ್ನು ಹತ್ತಿಯಲ್ಲಿ ಸುತ್ತಿ, ಗಿಟಾರ್ ಹೊತ್ತ ಪ್ರೇಮ್‌ಕುಮಾರ್ ಜೊತೆ ಮತ್ತೆ ಮೂಗೂರಿಗೆ ಹೋದರು. ವರ್ಷಗಳಿಂದ ಮಲಗಿದ್ದ ಸೆಟ್ಟಿಗೆ ಒಂದೇ ಸಲಕ್ಕೆ ಪೂರ್ತಿ ಕರೆಂಟು ಕೊಟ್ಟರೆ ಸುಟ್ಟೀತೆಂದು ದೊಡ್ಡ ಬಲ್ಬೊಂದನ್ನು ನಡುವೆ ಜೋಡಿಸಿ, ಉಪವಾಸವಿದ್ದವನಿಗೆ ಗಂಜಿ ಕುಡಿಸಿದಂತೆ ಸ್ವಲ್ಪ ಸ್ವಲ್ಪವೇ ಕೊಟ್ಟರು. ಬುರುಡೆಗಳು ಕೆಂಪಗೆ ಕಣ್ಣು ಬಿಟ್ಟವು. ಪ್ರೇಮ್‌ಕುಮಾರ್ ಮೊದಲು ಬಾರಿಸಿದ್ದು ಇಂಗ್ಲಿಷ್ ಹಾಡನ್ನಲ್ಲ. ಟೆಂಟಿನ ಆ ದೇವರ ಹಾಡಿನ ಮಟ್ಟನ್ನೇ ಎತ್ತಿಕೊಂಡು, ಏರಿಸಿದರು. ದನಿ ಗೊಗ್ಗರಾಯಿತು, ಬಿರಿಯಿತು, ನಿಂತಿತು. ಪ್ರೇಮ್‌ಕುಮಾರ್ ಹುಚ್ಚರಂತೆ ನಗುತ್ತಿದ್ದರು. ಸಣ್ಣಯ್ಯನವರಿಗೆ ಟೆಂಟಿನ ದಿನಗಳ ಮರಳು, ಪೆಟ್ರೋಮ್ಯಾಕ್ಸು, ಕಡಲೆಕಾಯಿ ಸಿಪ್ಪೆ ಎಲ್ಲ ಒಟ್ಟಿಗೆ ನೆನಪಾದವು.

ಗುರುಬಸಮ್ಮ ಗೋಡೆಗೊರಗಿ ಕೇಳಿಸಿಕೊಂಡರು. "ಇದೇ ಕಣಪ್ಪ. ಟೆಂಟ್‌ನಲ್ಲಿ ಇದು ಗೊಗ್ಗರಾದ್ರೆ ಯಜಮಾನ್ರು ಅಲ್ಲೇ ನಿಂತವ್ರೆ, ಇನ್ನ ಊಟಕ್ ಬರಲ್ಲ ಅಂತ ನಾನಿಲ್ಲಿ ತಟ್ಟೆ ಮುಚ್ಚಿಡ್ತಿದ್ದೆ" ಎಂದರು. ಆಮೇಲೆ ಪ್ರೇಮ್‌ಕುಮಾರ್ ಕಡೆ ತಿರುಗಿದರು. "ತಕ್ಕೊಂಡೋಗಪ್ಪ. ಮೂಲೇಲ್ ಕುಂತ್ ಏನ್ ಮಾಡ್ತದೆ? ಆದ್ರೆ ಈ ಸಣ್ಣಯ್ಯನ ಕೈಗ್ ಮಾತ್ರ ರಿಪೇರಿಗ್ ಕೊಡಬ್ಯಾಡ."

ಹಾಗೆಂದವರು ಆಕೆಯೇ ಆದರೂ ಎಲ್ಲರಿಗಿಂತ ಜೋರಾಗಿ ನಕ್ಕವರು ಸಣ್ಣಯ್ಯ.

ಇದಾಗಿ ಐದು ವರ್ಷ. ಪ್ರೇಮ್‌ಕುಮಾರ್ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಈಗ ಮೈಸೂರಿನ ಗಿಟಾರ್ ಹುಡುಗರು ವಾಲ್ವ್ ಸೆಟ್ ಕೊಳ್ಳುವ ಮುಂಚೆ ನಂಜನಗೂಡಿಗೆ ಬರುತ್ತಾರೆ. ಸಣ್ಣಯ್ಯ ಇಂದಿಗೂ ಗಿಟಾರ್ ಹಿಡಿದವರಲ್ಲ, ಹಾಡಿನ ಒಂದು ಪದವೂ ಅವರಿಗೆ ತಿಳಿಯದು. ಬಂದವರಿಗೆ ಹೆಚ್ಚಾಗಿ ಬೇಡ ಎಂದೇ ಹೇಳಿ ಕಳಿಸುತ್ತಾರೆ. ಟೀ ಮಾತ್ರ ಕುಡಿಸುತ್ತಾರೆ.

ಮೈಸೂರಿನ ಆ ಕಾರ್ಯಕ್ರಮದ ಸಂಜೆ ಅವರು ವೇದಿಕೆಯ ಪಕ್ಕದಲ್ಲೇ ನಿಂತಿದ್ದರು. ಪ್ರೇಮ್‌ಕುಮಾರ್ ಕಣ್ಣು ಮುಚ್ಚಿ ದನಿ ಏರಿಸಿದ್ದೇ ತಡ, ಸಭಾಂಗಣದ ಮೈಕ್ ನೋಡಿಕೊಳ್ಳುತ್ತಿದ್ದ ಆಪರೇಟರ್ ಗಾಬರಿಯಿಂದ ಓಡಿಬಂದ. "ಯಜಮಾನ್ರೇ, ನಿಮ್ ಸೆಟ್ ಒಡೀತಾ ಇದೆ, ಬೇಗ ಕಮ್ಮಿ ಮಾಡಿ!" ಅವನ ಜಾಗದಲ್ಲಿದ್ದಿದ್ದರೆ ತಾವೂ ಹಾಗೇ ಓಡಿಬರುತ್ತಿದ್ದೆವು ಎನ್ನುತ್ತಾರೆ ಸಣ್ಣಯ್ಯ. ಅಭ್ಯಾಸಬಲದಿಂದ ಅವರ ಕೈ ಜೇಬಿನ ಸ್ಕ್ರೂಡ್ರೈವರ್‌ವರೆಗೂ ಹೋಯಿತು. ಅಲ್ಲಿಗೇ ತಡೆದುಕೊಂಡು, ಅವನ ಹೆಗಲ ಮೇಲೆ ಕೈಯಿಟ್ಟರು.

"ಬುಡಿ ಸಾ, ಅದು ಕೆಟ್ಟಿಲ್ಲ. ಅದ್ರ ದನಿಯೇ ಅದು. ಮೂಗೂರಲ್ಲಿ ಯಾರ್ನಾರ ಕೇಳಿ, ಗುರ್ತು ಇಡೀತಾರೆ."