ಆಯಿ ಕೇಳಿದ ಕಡುಬು

ಬಿದಿರು ಬುಟ್ಟಿಯ ಮುಚ್ಚಳ ತೆಗೆದ ಕೂಡಲೇ ಎದ್ದ ಹಬೆ ನನ್ನ ಕನ್ನಡಕವನ್ನು ಪೂರ್ತಿ ಮಸುಕು ಮಾಡಿತು. ಒಂದು ಗಳಿಗೆ ಏನೂ ಕಾಣಲಿಲ್ಲ. ಆ ಗಳಿಗೆಯಲ್ಲೇ ವಾಸನೆ ಬಂತು. ಒದ್ದೆ ಬಿದಿರಿನದು, ಬೆಂದ ಹಿಟ್ಟಿನದು, ಅವೆರಡರ ಅಡಿಯಲ್ಲಿ ಇನ್ನೊಂದು, ಮಳೆಗಾಲದ ಮರದ ಬುಡದಲ್ಲಿ ಏಳುವಂಥದ್ದು. ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರೆ ಎದುರಿಗೆ ಮೂರು ಪುಟ್ಟ ಬಿಳಿ ಕಡುಬುಗಳು, ನೆತ್ತಿಯ ಮೇಲೆ ಚೀಲದ ಬಾಯಿಯಂತೆ ನಿರಿಗೆ ಹಿಡಿದು ಕಟ್ಟಿದ್ದವು. ಆ ನಿರಿಗೆ ನನಗೆ ಗೊತ್ತಿತ್ತು. ಎಂಟು ವರ್ಷದ ಹುಡುಗಿಯಾಗಿದ್ದಾಗ ಬಾವಿಕಟ್ಟೆಯ ಹತ್ತಿರ ನಿಂತು ಒಮ್ಮೆ ನೋಡಿದ್ದೆ.

ಸಾಗರದಲ್ಲಿ ನಮ್ಮ ಬೀದಿಯ ತಿರುವಿನಲ್ಲೇ ಈಚೆಗೆ ಈ ರೆಸ್ಟೋರೆಂಟ್ ಶುರುವಾಗಿದೆ. ಹೊಸನಗರದ ಕಡೆಯ ಒಬ್ಬಾತ ಹಾಂಕಾಂಗಿನ ಹೋಟೆಲುಗಳಲ್ಲಿ ಬಹಳ ಕಾಲ ಅಡಿಗೆ ಮಾಡಿ, ಸಾಕೆನಿಸಿ ಊರಿಗೆ ಮರಳಿ ತೆರೆದದ್ದು. ಬೋರ್ಡಿನಲ್ಲಿ ‘ಕ್ಯಾಂಟನೀಸ್’ ಎಂದು ಬರೆಸಿದ್ದಾನೆ. ‘ಡಿಮ್ ಸಮ್’ ಎಂದರೆ ಏನೆಂದು ಕೇಳಿದವರಿಗೆಲ್ಲ, ‘ನಮ್ ಕಡುಬಿನ ಚಿಕ್ಕಪ್ಪನ ಮಗ ಅಂತ ತಿಳ್ಕೊಳ್ಳಿ. ಗೋಬಿ ಮಂಚೂರಿ ಕೇಳ್ಬೇಡಿ, ನಂಗೆ ಬೇಜಾರಾಗ್ತದೆ’ ಎನ್ನುತ್ತಾನೆ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಸ್ಟೆಲ್ಲಾ. ಈಗ ಇಬ್ಬರಿಗೂ ಮಂಡಿ ನೋವು, ಇಬ್ಬರೂ ಒಂಟಿ, ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಅವಳು ಬರುತ್ತಾಳೆ, ನಾವು ಲಂಚಿಗೆ ಹೊರಡುತ್ತೇವೆ.

‘ಏ, ಬಿಸಿ ಆರ್ತದೆ ಮಾರಾಯ್ತಿ. ಎಂತ ಹಾಗೆ ನೋಡೂದು? ಅದೇನು ಕಚ್ತದಾ?’ ಎಂದಳು ಸ್ಟೆಲ್ಲಾ.

ಮದರ್ ಸುಪೀರಿಯರ್ ಎದುರು ಕೈ ಚಾಚಿ ಬೆತ್ತದೇಟಿಗೆ ಕಾಯುವಾಗಲೂ ನಡುಗದ ನಾನು ಮೂರು ಕಡುಬಿಗೆ ಹೆದರಿ ಕುಳಿತಿದ್ದೆ. ಫೂಲಿಶ್ ಎನ್ನಿ, ಸೆಂಟಿಮೆಂಟಲ್ ಎನ್ನಿ. ನನ್ನ ಹೆದರಿಕೆ ಅದರೊಳಗೆ ಏನಿದೆ ಎಂಬುದಕ್ಕಲ್ಲ. ನನ್ನ ತಾಯಿ, ನಾವು ಆಯಿ ಎನ್ನುತ್ತಿದ್ದೆವು, ಸಾಯುವ ಮುಂಚೆ ಇಂಥದೇ ಒಂದು ಕಡುಬಿನ ವಿಷಯದಲ್ಲಿ ಒಂದು ಮಾತು ಹೇಳಿದ್ದಳು. ಆ ಮಾತನ್ನು ನಂಬಿಕೊಂಡು ನಮ್ಮ ಮನೆ ಬದುಕಿತು. ಒಂದು ತುತ್ತು ಬಾಯಿಗಿಟ್ಟರೆ ಅದು ನಿಜವೋ ಅಲ್ಲವೋ ಗೊತ್ತಾಗಿಬಿಡುತ್ತಿತ್ತು.

ಆಗ ನಮ್ಮದು ಇದೇ ಸಾಗರದಲ್ಲಿ, ಕೋರ್ಟಿಗೆ ಹೋಗುವ ರಸ್ತೆಯ ಬದಿಯ ಉದ್ದನೆಯ ಬಾಡಿಗೆ ಮನೆ. ಈಗ ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇದೆ. ಒಳಗೆ ಹೋದರೆ ಬರೀ ಹೊಳಪು, ನಿಂತುಕೊಳ್ಳಲು ಒಂದು ನೆರಳೂ ಇಲ್ಲ. ಅಪ್ಪಯ್ಯ ಕೋರ್ಟಿನಲ್ಲಿ ಗುಮಾಸ್ತ. ಅಪ್ಪಯ್ಯನ ತಾಯಿಯನ್ನು ನಾನು ಅಮ್ಮಮ್ಮ ಎನ್ನುತ್ತಿದ್ದೆ. ಕೆಂಪು ಸೀರೆಯ ವಿಧವೆ, ಅಡಿಗೆಮನೆಯ ಹೊಸ್ತಿಲಲ್ಲಿ ನನ್ನ ಸ್ಕೂಲ್ ಯೂನಿಫಾರ್ಮಿನ ಅಂಚು ತಾಗಿದರೂ ಮತ್ತೆ ಸ್ನಾನಕ್ಕೆ ಹೋಗುವವಳು. ಮೇಳಿಗೆಯಿಂದ ಮದುವೆಯಾಗಿ ಬಂದ ಆಯಿ ಸದಾ ಮೆಲ್ಲಗೆ ನಡೆಯುತ್ತಿದ್ದಳು. ನನ್ನ ನಂತರ ಅವಳಿಗೆ ಎರಡು ಮಕ್ಕಳು ಹುಟ್ಟಿ ಉಳಿಯಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದ ಆ ವರ್ಷ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಪಾತ್ರೆ ಕೆಳಗೆ ಬಿದ್ದರೆ ಎಲ್ಲರೂ ಆಯಿಯ ಮುಖ ನೋಡುತ್ತಿದ್ದರು.

ನಮ್ಮ ಹಿತ್ತಿಲಿನ ಗೋಡೆಯಾಚೆ ಲಿಯಾಂಗ್ ಡಾಕ್ಟರ ಮನೆ. ಊರಿನವರ ಬಾಯಲ್ಲಿ ಹಲ್ಲು ಡಾಕ್ಟ್ರು. ಚೀನಾದ ಕ್ಯಾಂಟನ್ ಕಡೆಯವರು, ಕಲ್ಕತ್ತೆಯಲ್ಲಿದ್ದು ಬಂದವರು ಎಂದು ಅಪ್ಪಯ್ಯ ಹೇಳುತ್ತಿದ್ದ. ಡಾಕ್ಟರು ಮಾತು ಕಮ್ಮಿ. ಅವರ ಹೆಂಡತಿ ಗೋಡೆಗೆ ಎದೆಯೊತ್ತಿ ನಿಂತು, ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರನ್ನೂ ‘ಅಕ್ಕಾ’ ಎಂದು ಕರೆಯುತ್ತಿದ್ದಳು. ನನ್ನನ್ನೂ ಅಕ್ಕಾ ಎಂದೇ. ಆಯಿಗೆ ಮೊದಲ ತಿಂಗಳುಗಳಲ್ಲಿ ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಾಗ ಆಕೆ ನೋಡಿ, ಒಳಗೆ ಓಡಿಹೋಗಿ, ಸಾಸರಿನಲ್ಲಿ ಒಂದೇ ಒಂದು ಕಡುಬು ತಂದು ಗೋಡೆಯ ಮೇಲಿಟ್ಟಳು. ‘ಮೀನಿಲ್ಲ ಅಕ್ಕಾ, ಮೊಟ್ಟೆ ಇಲ್ಲ, ಏನಿಲ್ಲ’ ಎಂದು ಎರಡೂ ಕೈ ಆಡಿಸಿದಳು. ಆಯಿ ಆ ಕಡೆ ಈ ಕಡೆ ನೋಡಿದಳು. ನಾನು ಕಂಡೆ. ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿ, ಕಡುಬನ್ನು ಕಚ್ಚಿದಳು. ಒಳಗೆ ಕಪ್ಪಗೆ ಏನೋ ಇತ್ತು. ತಿನ್ನುತ್ತ ತಿನ್ನುತ್ತ ಅವಳ ಮುಖದಲ್ಲಿ ಗಂಟು ಬಿಚ್ಚಿದಂತಾಯಿತು. ಆ ದಿನ ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ನಾನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಅಮ್ಮಮ್ಮ ಮನೆಯನ್ನೇ ತೊಳೆಸುತ್ತಿದ್ದಳು.

ಮಳೆ ಕಳೆದು ಬಯಕೆ ಊಟದ ದಿನ ಬಂತು. ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಹೂ ಮುಡಿಸಿ, ಬೇಕಾದ್ದು ಕೇಳು ಎನ್ನುವ ಊಟ. ಹೋಳಿಗೆಯನ್ನೋ ಮಿಡಿ ಉಪ್ಪಿನಕಾಯನ್ನೋ ಕೇಳುತ್ತಾಳೆ, ಎಲ್ಲರೂ ನಗುತ್ತಾರೆ, ಮುಗಿಯಿತು. ಬಾಯಿಬಿಟ್ಟು ಕೇಳಿದ್ದನ್ನು ಮಾತ್ರ ಕೊಡಲೇಬೇಕು. ಕೊಡದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಹೊರಗೆ ಹೇಳುತ್ತಿದ್ದರು. ಹೆಂಗಸರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದುದು ಅದಕ್ಕಿಂತ ಭಯಂಕರ. ಬಯಕೆ ತೀರದವಳು ಹೆರಿಗೆಯಲ್ಲಿ ಉಳಿಯುವುದಿಲ್ಲ ಎಂದು.

‘ನಾಚ್ಕಳಡ, ಹೇಳೇ. ಎಂತ ತಿಂಬ ಆಸೆ ಇದ್ದು?’ ಎಂದು ಅತ್ತೆಯರು ಆಯಿಯ ಗಲ್ಲ ಹಿಡಿದು ಕೇಳಿದರು.

ಆಯಿ ತಲೆ ತಗ್ಗಿಸಿ, ‘ಆಚೆಮನೆ ಕಡುಬು’ ಎಂದಳು.

‘ಯಾವ ಆಚೆಮನೆ?’

‘ಹಲ್ಲು ಡಾಕ್ಟ್ರ ಮನೇದು.’

ಒಬ್ಬರು ಕಿಸಕ್ಕೆಂದು ನಕ್ಕರು. ‘ಅಯ್ಯೋ ಇದ್ರ! ಅದ್ರ ಒಳಗೆ ಕಪ್ಪೆ ಇರ್ತಡ ಕಣೇ!’ ಎಂದರು ಇನ್ನೊಬ್ಬರು. ನಗು ಅಲ್ಲಿಗೇ ನಿಂತಿತು, ಯಾಕೆಂದರೆ ಅಮ್ಮಮ್ಮ ನಕ್ಕಿರಲಿಲ್ಲ. ವಿಧವೆಯೆಂದು ಒಳಬಾಗಿಲಲ್ಲೇ ನಿಂತಿದ್ದವಳು ಆಯಿಯ ಮುಖವನ್ನೇ ನೋಡುತ್ತಿದ್ದಳು. ಅದು ಗಡಿಯಲ್ಲಿ ಚೀನಾದೊಂದಿಗೆ ಯುದ್ಧ ಶುರುವಾಗಿದ್ದ ಕಾಲ. ಲಿಯಾಂಗ್ ಡಾಕ್ಟರ ಬೋರ್ಡಿಗೆ ಯಾರೋ ಸಗಣಿ ಎರಚಿದ್ದರು. ಕಾನ್ವೆಂಟಿನಲ್ಲಿ ನಮಗೆ ದಿನಾ ಬೆಳಿಗ್ಗೆ ಸೈನಿಕರಿಗಾಗಿ ಪ್ರೇಯರ್ ಹೇಳಿಸುತ್ತಿದ್ದರು. ಹಿತ್ತಿಲ ಗೋಡೆಯ ಹತ್ತಿರ ಆಕೆ ನಿಲ್ಲುವುದು ಬಿಟ್ಟು ಬಹಳ ದಿನಗಳಾಗಿದ್ದವು.

ಸಂಜೆ ಅಪ್ಪಯ್ಯ ಪಿಸುಗುಟ್ಟಿದ. ‘ಊರು ಎಂತ ಹೇಳ್ತು? ಈಗ ಅವ್ರ ಮನೆ ಕಡೆ ತಿರುಗಿ ನೋಡಿದ್ರೂ ತೊಂದ್ರೆ.’

‘ಊರಿಗೆ ಹೆರಿಗೆ ಇಲ್ಲೆ. ಬಾಯಿ ಬಿಟ್ಟು ಕೇಳಿದ್ಮೇಲೆ ಕೊಡದೆ ಇಪ್ಪಲಾಗ್ತಿಲ್ಲೆ’ ಎಂದಳು ಅಮ್ಮಮ್ಮ.

ಮರುದಿನ ಬೆಳಿಗ್ಗೆ ಅವಳು ಹಿತ್ತಾಳೆಯ ಕಡುಬಿನ ಪಾತ್ರೆ ಬೆಳಗಿ, ಅಕ್ಕಿಹಿಟ್ಟು ಕಟ್ಟಿಕೊಂಡು, ತಂಬಿಗೆಯಲ್ಲಿ ನಮ್ಮ ಬಾವಿಯ ನೀರು ತುಂಬಿಸಿ ನನ್ನ ಕೈಗೆ ಕೊಟ್ಟಳು. ‘ಎಂಗಳ ಪಾತ್ರೆ, ಎಂಗಳ ಹಿಟ್ಟು, ಎಂಗಳ ನೀರು. ಕೈ ಒಂದು ಅದ್ರದ್ದು. ಕೈಗೆ ಎಂತ ಜಾತಿ?’ ಎಂದು ದಾರಿಯುದ್ದಕ್ಕೂ ನನಗೆ ಹೇಳುವವಳಂತೆ ತನಗೇ ಹೇಳಿಕೊಂಡಳು. ಆ ಮನೆಯ ಮೆಟ್ಟಿಲು ಅವಳು ಹತ್ತಿದ್ದು ಅದೇ ಮೊದಲು. ಬಾಗಿಲಿಗೆ ಬೀಗ ಇತ್ತು. ಎದುರಿನ ಸೈಕಲ್ ಅಂಗಡಿಯವನು ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದವನು ತಲೆಯೆತ್ತದೆಯೇ, ‘ಹೋದ್ರು ಅಮ್ಮಾ. ಮೊದಲ್ನೇ ಬಸ್ಸಿಗೆ. ಎಲ್ಲಿಗೆ ಅಂತ ಕೇಳ್ಬೇಡಿ, ನಂಗೊತ್ತಿಲ್ಲ. ನೀವೂ ಇಲ್ಲಿ ನಿಂತ್ಕೊಬೇಡಿ’ ಎಂದ. ಅಮ್ಮಮ್ಮ ಬೀಗವನ್ನು ಮುಟ್ಟಿ ನೋಡಿದಳು. ಹಿಂದಿರುಗುವಾಗ ಅವಳ ಉಸಿರು ನನಗೆ ಕೇಳಿಸುತ್ತಿತ್ತು. ದೊಡ್ಡವರೂ ಹೆದರುತ್ತಾರೆ ಎಂದು ನನಗೆ ತಿಳಿದದ್ದು ಆ ದಾರಿಯಲ್ಲಿ. ನನಗೆ ಅದಕ್ಕಿಂತ ದೊಡ್ಡ ಟೆರರ್ ಆಮೇಲೆ ಯಾವತ್ತೂ ಎದುರಾಗಿಲ್ಲ.

ಅಡಿಗೆಮನೆಗೆ ಬಂದವಳೇ, ಬಸುರಿಗೆ ಗಾಬರಿಯಾಗದಿರಲೆಂದು ಆಯಿಯನ್ನು ಕೇಳದೆ, ನನ್ನ ಭುಜ ಹಿಡಿದು ಕೂರಿಸಿದಳು. ‘ಕೂಸೇ, ನೀ ಗೋಡೆ ಹತ್ರ ಆಡ್ಕ್ಯಂಡು ಇರ್ತಿದ್ದೆ. ಆ ಕಡುಬು ನೋಡಿದ್ಯಾ?’ ನೋಡಿದ್ದೇನೆ ಎಂದೆ. ‘ಒಳಗೆ ಎಂತ ಇತ್ತೇ? ಸರಿ ನೆಂಪು ಮಾಡ್ಕ್ಯ.’

‘ಕಪ್ಪಗಿತ್ತು ಅಮ್ಮಮ್ಮ.’

‘ಕಪ್ಪಗೆ ಅಂದ್ರೆ? ಎಳ್ಳಾ? ಬ್ಯಾಡ, ಬಸುರಿ ಇಪ್ಪ ಮನೇಲಿ ಎಳ್ಳಿನ ಹೆಸ್ರು ಎತ್ತಡ.’ ಕಣ್ಣು ಮುಚ್ಚಿ ಕುಳಿತು, ತನಗೆ ಗೊತ್ತಿದ್ದ ಕಪ್ಪು ತಿನಿಸುಗಳನ್ನೆಲ್ಲ ಮನಸ್ಸಿನಲ್ಲಿ ತಡಕಾಡಿದಳು. ಕೊನೆಗೆ ಎದ್ದು ಹಿತ್ತಿಲಿನಿಂದ ಬಾಳೆಯ ಹೂವು ಕೊಯ್ದು ತಂದಳು. ಹೆಚ್ಚಿಟ್ಟರೆ ಕಪ್ಪಾಗುವುದು ಅದು. ಕಾಳುಮೆಣಸು, ಬೆಲ್ಲ, ಕಾಯಿತುರಿ ಹಾಕಿ ಹುರಿದಳು. ಅಕ್ಕಿಹಿಟ್ಟನ್ನು ಕುದಿನೀರಿಗೆ ಹಾಕಿ ಉಕ್ಕರಿಸಿ ನಾದಿದಳು. ನಿರಿಗೆ ಹೇಗಿತ್ತೆಂದು ನಾನು ನನ್ನ ಲಂಗದ ಅಂಚು ಹಿಡಿದು ತೋರಿಸಿದೆ. ಹಿಟ್ಟು ದಪ್ಪ, ಬಗ್ಗಲೊಲ್ಲದು. ಒಡೆದಲ್ಲಿ ನೀರು ಸವರಿ, ಮತ್ತೆ ಒಡೆದು, ಮತ್ತೆ ಸವರಿ, ಆ ಮುದಿ ಬೆರಳುಗಳು ಬಿಸಿ ಹಿಟ್ಟಿಗೆ ಕೆಂಪಾದವು. ಜೀವನವಿಡೀ ಕಣ್ಣಿನಿಂದ ನೋಡದ ತಿಂಡಿಯನ್ನು ಅವಳು ಮಾಡುತ್ತಿದ್ದಳು, ಮತ್ತು ಅದು ತಪ್ಪಿದರೆ ಸೊಸೆ ಸಾಯುತ್ತಾಳೆಂದು ನಂಬಿದ್ದಳು.

ಆಯಿ ಗೋಡೆಗೊರಗಿ ಕುಳಿತು, ಕಿಟಕಿಯಾಚೆ ಮುಚ್ಚಿದ್ದ ಆ ಮನೆಯ ಹಿಂಬಾಗಿಲನ್ನೇ ನೋಡುತ್ತಿದ್ದಳು. ಅಮ್ಮಮ್ಮ ಬಾಳೆಲೆಯ ಮೇಲೆ ಕಡುಬಿಟ್ಟು ಎದುರೇ ಕುಕ್ಕರಗಾಲಲ್ಲಿ ಕೂತಳು. ಅಪ್ಪಯ್ಯ ಬಾಗಿಲಲ್ಲಿ ನಿಂತ. ಆಯಿ ಮುರಿದು ಒಂದು ತುತ್ತು ಬಾಯಿಗಿಟ್ಟುಕೊಂಡಳು.

‘ಇದೇಯನೇ?’ ಎಂದು ಅಮ್ಮಮ್ಮ ಮುಂದಕ್ಕೆ ಬಗ್ಗಿ ಕೇಳಿದಳು.

ಆಯಿ ನುಂಗಿದಳು. ‘ಹೌದು ಅತ್ತೆ. ಥೇಟ್ ಇದೇ. ಇನ್ನೊಂದು ಕೊಡಿ’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮೆಣಸು ಜಾಸ್ತಿಯಾಗಿದೆ ಎಂದುಕೊಂಡೆ. ಅಮ್ಮಮ್ಮ ಮುಖ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು, ಅಪ್ಪಯ್ಯ ಬಹಳ ದಿನಗಳ ಮೇಲೆ ಜೋರಾಗಿ ಕೆಮ್ಮಿದ, ಮನೆಯಲ್ಲಿ ಮತ್ತೆ ಸದ್ದಿಗೆ ಅಪ್ಪಣೆ ಸಿಕ್ಕಂತೆ. ಉಳಿದ ಕಡುಬು ನನಗೆ ಸಿಕ್ಕಿತು. ಸಿಹಿ, ಖಾರ, ಕೊನೆಗೆ ಒಂದಿಷ್ಟು ಒಗರು. ಆ ರುಚಿಯನ್ನು ನಾನು ಮರೆತಿಲ್ಲ.

ಆಮೇಲಿನದನ್ನು ಉದ್ದ ಮಾಡಲಾರೆ. ಹೆರಿಗೆಯಲ್ಲಿ ಮಗು ಹೋಯಿತು, ಅದರ ಹಿಂದೆಯೇ ಆಯಿ ಹೋದಳು. ನನ್ನನ್ನು ಬೋರ್ಡಿಂಗಿಗೆ ಸೇರಿಸಿದರು, ಅಪ್ಪಯ್ಯ ತೀರ್ಥಹಳ್ಳಿಗೆ ವರ್ಗ ಮಾಡಿಸಿಕೊಂಡ, ಮನೆ ಖಾಲಿಯಾಯಿತು. ಲಿಯಾಂಗ್ ಡಾಕ್ಟರ ಸುದ್ದಿ ಮತ್ತೆ ಬರಲಿಲ್ಲ. ಆದರೆ ಅಮ್ಮಮ್ಮ ಮುರಿದು ಬೀಳಲಿಲ್ಲ. ಪ್ರತಿ ವರ್ಷ ಆಯಿಯ ತಿಥಿಯ ದಿನ ಕಣ್ಣೊರೆಸಿಕೊಂಡು ಅದೊಂದೇ ಮಾತು ಹೇಳುತ್ತಿದ್ದಳು. ‘ಆಸೆ ಇಟ್ಕಂಡು ಹೋಯ್ದಿಲ್ಲೆ ಅದು. ಕೇಳಿದ್ದು ಆನು ಕೊಟ್ಟಿದ್ದಿ.’ ಆ ಮಾತಿನ ಮೇಲೆ ಅವಳು ತೊಂಬತ್ತರ ಹತ್ತಿರದವರೆಗೆ ಬದುಕಿದಳು. ನಿಮ್ಮ ಮನೆಯಲ್ಲೂ ಯಾರನ್ನಾದರೂ ಇಂಥ ಒಂದು ಮಾತು ಹಿಡಿದು ನಿಲ್ಲಿಸಿದ್ದರೆ, ಅದನ್ನು ಪರೀಕ್ಷಿಸಲು ನಾನೇಕೆ ಹೆದರಿದೆನೆಂದು ನಿಮಗೆ ಗೊತ್ತಾಗುತ್ತದೆ.

‘ಇದರ ಒಳಗೆ ಕಪ್ಪಗೆ ಏನಾದರೂ ಇದೆಯೇನಪ್ಪ?’ ಎಂದು ಆ ಹೊಸನಗರದವನನ್ನು ಕೇಳಿದೆ.

‘ಹೆದ್ರಬೇಡಿ ಅಮ್ಮ, ಫುಲ್ ವೆಜ್. ಕರಿ ಅಣಬೆ, ಒಣಗಿಸಿದ್ದು. ಅವ್ರ ಮನೆಗಳಲ್ಲೆಲ್ಲ ಇದ್ದೇ ಇರ್ತದೆ’ ಎಂದ.

ಸ್ಟೆಲ್ಲಾ ಫೋರ್ಕನ್ನು ನನ್ನ ಕೈಗಿಟ್ಟಳು. ನಾನು ತಿಂದೆ. ಹೊದಿಕೆ ಎಷ್ಟು ತೆಳುವೆಂದರೆ ಹಲ್ಲಿಗೆ ತಿಳಿಯುವ ಮೊದಲೇ ಕರಗಿತು. ಒಳಗೆ ಸಿಹಿಯಿಲ್ಲ, ಮೆಣಸಿಲ್ಲ, ಕಾಯಿಯಿಲ್ಲ. ಕಾಡಿನ ಮಣ್ಣಿನಂಥ, ಮಾಂಸವಲ್ಲದೆಯೂ ಮಾಂಸಲವಾದ ಒಂದು ಗಾಢ ರುಚಿ ನಾಲಿಗೆಯ ಬುಡದವರೆಗೆ ಹೋಗಿ ನಿಂತಿತು. ಆ ಮನೆಯಲ್ಲಿ ಮಾಡಿದ್ದು ಇದಕ್ಕಿಂತ ಅಷ್ಟಿಷ್ಟು ಬೇರೆ ಇದ್ದಿರಬಹುದು. ಆದರೆ ಬಾಳೆಹೂವಿನ ಆ ದಪ್ಪ ಕಡುಬಿಗೂ ಇದಕ್ಕೂ ಯಾವ ದೂರದ ನೆಂಟಸ್ತಿಕೆಯೂ ಇರಲಿಲ್ಲ. ಇದನ್ನು ಒಮ್ಮೆ ತಿಂದವರು ಅದನ್ನು ಇದೆಂದು ತಿಳಿಯುವುದು ಸಾಧ್ಯವೇ ಇಲ್ಲ.

ಸ್ಟೆಲ್ಲಾ ಏನೋ ಕೇಳುತ್ತಿದ್ದಳು. ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಬಯಕೆಯ ನಂಬಿಕೆ ಅಮ್ಮಮ್ಮನೊಬ್ಬಳದೇ ಆಗಿರಲಿಲ್ಲ, ಆಯಿಯೂ ಅದರಲ್ಲೇ ಬೆಳೆದವಳು. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳಿಗೆ ಅದು ಹರಟೆಯ ಮಾತಾಗಿರಲಿಲ್ಲ. ಆ ದಿನ ಮೊದಲ ತುತ್ತಿಗೇ ಅವಳಿಗೆ ತಿಳಿದಿತ್ತು, ತನ್ನ ಬಯಕೆ ತೀರಲಿಲ್ಲ, ಇನ್ನು ತೀರುವಂತೆಯೂ ಇಲ್ಲ ಎಂದು. ತಿಳಿದೂ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ಮುದುಕಿಯ ಕೆಂಪಾದ ಬೆರಳು ನೋಡಿ ಇನ್ನೊಂದು ಕೇಳಿದಳು. ಹೆರಿಗೆಯ ದಿನ ನಾವು ಮೂವರೂ ಜಗಲಿಯಲ್ಲಿ ಹೆಚ್ಚುಕಮ್ಮಿ ನಿರಾಳವಾಗಿ ಕುಳಿತಿದ್ದೆವು. ಅಪ್ಪಯ್ಯ ನನಗೆ ಮಗ್ಗಿ ಹೇಳಿಸುತ್ತಿದ್ದ, ಅಮ್ಮಮ್ಮ ಹೂಬತ್ತಿ ಹೊಸೆಯುತ್ತಿದ್ದಳು. ಇಡೀ ಮನೆಯ ಹೆದರಿಕೆಯನ್ನು ತಾನೊಬ್ಬಳೇ ತೆಗೆದುಕೊಂಡು, ಆಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.