ಸುಲೇಮಾನಿಯೆಯ ಗುಮ್ಮಟದ ಕೆಳಗೆ ಗೋದಾವರಿ

ಧಾರವಾಡದ ಗೋದಾವರಿ ಅಮೆರಿಕದ ಟೆಕ್ಸಾಸಿನ ಪ್ಲೇನೋಗೆ ಬಂದ ಮೇಲೆ ವಿನ್ಯಾಸ ಮಾಡಿದ್ದೆಲ್ಲ ಬಹುಮಹಡಿ ಪಾರ್ಕಿಂಗ್ ಕಟ್ಟಡಗಳನ್ನೇ. ಆರ್ಕಿಟೆಕ್ಟ್ ಎಂದು ಆಫೀಸಿನಲ್ಲಿ ಒಳ್ಳೆಯ ಹೆಸರಿತ್ತು. ಆದರೆ ಓದುವಾಗ ಅವಳು ಊಟ ನಿದ್ದೆ ಬಿಟ್ಟು ಬಿಡಿಸಿದ್ದು ಇಸ್ತಾಂಬುಲಿನ ಸುಲೇಮಾನಿಯೆ ಮಸೀದಿಯನ್ನು, ಆಟೊಮನ್ ಕಾಲದ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ್ದನ್ನು. ಕಣ್ಣಾರೆ ನೋಡುವ ಯೋಗ ಮಾತ್ರ ಬಂದಿರಲಿಲ್ಲ.

ಅದನ್ನು ಮೊದಲು ನೋಡಿ ಬಂದವಳು ಗೆಳತಿ ನಾಗಮಣಿ. ಪಕ್ಕದೂರು ಮೆಕಿನ್ನಿಯಲ್ಲಿದ್ದ ಅವಳು ಮೈಸೂರಿಗೆ ಹೋಗುವಾಗ ಇಸ್ತಾಂಬುಲಿನಲ್ಲಿ ವಿಮಾನ ಬದಲಿಸುವ ಬಿಡುವಿನಲ್ಲಿ ಹೊಕ್ಕು ಬಂದಿದ್ದಳು. ಯುಗಾದಿ ಊಟದಲ್ಲಿ ಎಲ್ಲರಿಗೂ ಫೋಟೊ ತೋರಿಸಿದಳು.

“ಅಷ್ಟು ಕಲ್ಲು ಕಣ್ರೀ, ಆದ್ರೆ ಒಳಗೆ ನಿಂತ್ರೆ ಭಾರಾನೇ ಅನ್ಸಲ್ಲ.”

ಗೋದಾವರಿ ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗಿಟ್ಟಳು. ಕಟ್ಟಿದವನ ಹೆಸರೂ ತಿಳಿಯದವಳಿಗೆ ಆ ಗುಮ್ಮಟವೇಕೆ ಕಾಣಬೇಕಿತ್ತು? ಫೋಟೊಗಳೆಲ್ಲ ಓರೆಯಾಗಿವೆ ಎಂದಷ್ಟೇ ಹೇಳಿ ಎದ್ದಳು. ಆ ವರ್ಷವೇ ಗಂಡ ಶ್ಯಾಮಸುಂದರನೊಂದಿಗೆ ಊರಿಗೆ ಹೊರಟಾಗ, ಹಟ ಹಿಡಿದು ಇಸ್ತಾಂಬುಲಿನಲ್ಲಿ ಇಳಿದಳು.

ತಲೆಗೆ ಸೆರಗು ಹೊದ್ದು, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಕಾಲಿಟ್ಟಳು. ಎದುರಿಗೆ ನಾಲ್ಕು ದಪ್ಪ ಕಂಬಗಳು, ಮೇಲೆ ಗುಮ್ಮಟ, ಅದರ ಬುಡದ ಸುತ್ತ ಕಿಟಕಿಗಳ ಸಾಲು. ಅವಳ ಕಣ್ಣು ಮೊದಲು ಹುಡುಕಿದ್ದು ಆಸರೆಗೋಡೆಗಳನ್ನು. ಗುಮ್ಮಟದ ಒತ್ತಡ ತಾಳುವ ಆ ಗೋಡೆಗಳನ್ನು ಸಿನಾನ್ ಅಕ್ಕಪಕ್ಕದ ಮೊಗಸಾಲೆಗಳ ಹಿಂದೆ ಮರೆಮಾಡಿದ್ದ. ಪುಸ್ತಕದಲ್ಲಿ ಓದಿದ್ದೇ, ಆದರೂ ಹತ್ತಿರ ಹೋಗಿ ಕಂಡಾಗ ಮೈ ಜುಮ್ಮೆಂದಿತು. ಇಷ್ಟು ದುಡಿದು, ದುಡಿದದ್ದೇ ಕಾಣದಂತೆ ಮಾಡಿದ್ದನಲ್ಲ!

ಪಕ್ಕದಲ್ಲಿ ಶ್ಯಾಮಸುಂದರ ಕತ್ತೆತ್ತಿ ಸುಮ್ಮನೆ ನಿಂತಿದ್ದ. ಕಣ್ಣು ಒದ್ದೆಯಾಗಿತ್ತು. ಅವನು ಡೇಟಾಬೇಸ್ ನೋಡಿಕೊಳ್ಳುವವನು, ಕಟ್ಟಡಗಳ ಗೊಡವೆ ಅವನಿಗಿಲ್ಲ. ಗೋದಾವರಿಗೆ ಮತ್ತೆ ಹೊಟ್ಟೆ ಉರಿಯಿತು. ಎಷ್ಟು ದಿಟ್ಟಿಸಿದರೂ ಅವಳಿಗೆ ಮಾತ್ರ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದೇ ಕಾಣುತ್ತಿತ್ತು.

ಹೊರಗಿನ ಅಂಗಳದಲ್ಲಿ ಕೂತಾಗ ಅವನು ಏನಾಯಿತೆಂದು ಕೇಳಿದ.

“ಯಾರ ಮ್ಯಾಲೆ ಅಂತ ಹೊಟ್ಟಿಕಿಚ್ಚು ಪಡ್ಲಿ ಹೇಳ್ರಿ? ಮೊದಲ ನಾಗಮಣಿ ಮ್ಯಾಲೆ ಇತ್ತು. ಈಗ ನಿಮ್ಮ ಮ್ಯಾಲೂ ಬಂತು. ಎಲ್ಲಾಕ್ಕಿಂತ ಹೆಚ್ಚು ಆ ಸಿನಾನ್‌ನ ಮ್ಯಾಲ ಐತಿ.”

ಅವನು ನಗಲಿಲ್ಲ. “ಅಂವಾ ಗುಮ್ಮಟ ಕಟ್ಟಿದಾ. ನೀ ಬರೇ ಪಾರ್ಕಿಂಗ್ ಕಟ್ಟಕೋತ ಕುಂತೀದಿ” ಎಂದ.

ಆ ಮಾತು ಚುಚ್ಚಿತು. ಧಾರವಾಡ ತಲುಪುವವರೆಗೂ ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಪ್ಲೇನೋಗೆ ಮರಳಿದ ಮೇಲೆ ಆಸ್ಟಿನ್‌ನ ಒಂದು ಸಣ್ಣ ಸಂಸ್ಥೆಗೆ ಅರ್ಜಿ ಹಾಕಿದಳು. ಅವರು ಶಾಲೆ, ಗ್ರಂಥಾಲಯ ಕಟ್ಟುವವರು. ಕೆಲಸ ಸಿಕ್ಕಿತು. ವಾರಕ್ಕೆರಡು ದಿನ ಆಸ್ಟಿನ್‌ಗೆ ಡ್ರೈವ್ ಮಾಡುತ್ತಾಳೆ, ಉಳಿದ ದಿನ ಮನೆಯಿಂದಲೇ ಕೆಲಸ.

ಈಗ ಅವಳ ಮೇಜಿನ ಮೇಲಿರುವುದು ಒಂದು ಶಾಲೆಯ ಊಟದ ಮನೆ. ಅದರ ಚಾವಣಿಯನ್ನು ಬಿಡಿಸುತ್ತಾಳೆ, ಭಾರ ಇನ್ನೂ ಕಾಣುತ್ತಿದೆಯೆಂದು ಮುಖ ಸಿಂಡರಿಸಿ ಅಳಿಸುತ್ತಾಳೆ, ಮತ್ತೆ ಬಿಡಿಸುತ್ತಾಳೆ.